ಲ್ಯಾಪ್‌ಟಾಪಿನ ಧ್ವನಿ ತಡವರಿಸಿದಾಗ

ಕೇಳುಗರಿಗೆ ನಮಸ್ಕಾರ. ಲ್ಯಾಪ್‌ಟಾಪಿನಲ್ಲಿ ಸಂಗೀತವನ್ನೋ ಉಪನ್ಯಾಸವನ್ನೋ ಕೇಳುತ್ತಿರುವಾಗ ಧ್ವನಿ ನಡುನಡುವೆ ಕಡಿದುಹೋಗಿ, ಚಟಪಟ ಸದ್ದು ಸೇರಿಕೊಂಡು, ಒಂದೇ ಅಕ್ಷರವನ್ನು ಮತ್ತೆ ಮತ್ತೆ ಉಚ್ಚರಿಸಿದಂತೆ ಕೇಳಿಸತೊಡಗಿದರೆ, ಸ್ಪೀಕರ್ ಹಾಳಾಯಿತೆಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ಸ್ಪೀಕರ್ ಹಾಳಾದರೆ ಧ್ವನಿ ಒಡಕಲಾಗುತ್ತದೆ. ತಡವರಿಕೆಯಾದರೋ ಬಹುಮಟ್ಟಿಗೆ ಗಣಕದೊಳಗಿನ ಕೆಲಸ ಹೊತ್ತಿಗೆ ಸರಿಯಾಗಿ ಆಗದಿರುವುದರಿಂದ ಹುಟ್ಟುವ ದೋಷ.

ಇದನ್ನು ಸ್ವಲ್ಪ ವಿವರಿಸಬೇಕು. ಧ್ವನಿಯು ಗಣಕದೊಳಗೆ ಅಂಕಿಗಳ ರೂಪದಲ್ಲಿ, ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಥವಾ 48,000 ಸ್ಯಾಂಪಲ್‌ಗಳಾಗಿ, ಎಂದರೆ ಆಯಾ ಕ್ಷಣದ ಧ್ವನಿಯ ಅಳತೆಗಳಾಗಿ, ಹರಿಯುತ್ತದೆ. ಇವನ್ನು ಬಫರ್ ಎಂಬ ಸಣ್ಣ ಸಂಗ್ರಹದಲ್ಲಿ ಮುಂಚಿತವಾಗಿ ತುಂಬಿಡಲಾಗುತ್ತದೆ. ಸೆಕೆಂಡಿಗೆ 48,000ದ ವೇಗದಲ್ಲಿ 480 ಸ್ಯಾಂಪಲ್‌ಗಳ ಬಫರ್ 10 ಮಿಲಿಸೆಕೆಂಡಿನಲ್ಲಿ ಬರಿದಾಗುತ್ತದೆ. ಅಷ್ಟರೊಳಗೆ ಪ್ರೊಸೆಸರ್ ಮುಂದಿನ ಕಂತನ್ನು ಒದಗಿಸದಿದ್ದರೆ ಧ್ವನಿ ಕಡಿಯುತ್ತದೆ. ಪ್ರೊಸೆಸರ್ ಹೆಚ್ಚು ದುಡಿಯುತ್ತಿಲ್ಲವೆಂದು ವಿಂಡೋಸಿನ ಕೆಲಸದ ಹೊರೆ ತೋರಿಸುವ ಟಾಸ್ಕ್ ಮ್ಯಾನೇಜರ್ ಹೇಳುತ್ತಿರುವಾಗಲೂ ಹೀಗಾಗಬಹುದು, ಏಕೆಂದರೆ ವೈಫೈ, ಗ್ರಾಫಿಕ್ಸ್ ಅಥವಾ ಬ್ಯಾಟರಿ ನಿರ್ವಹಣೆಯ ಡ್ರೈವರೊಂದು (ಯಂತ್ರದ ಒಂದು ಭಾಗವನ್ನು ನಡೆಸುವ ತಂತ್ರಾಂಶ) ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡು ಬಿಡದೆ ಹಿಡಿದುಕೊಂಡರೂ ಬಫರ್ ಬರಿದಾಗುತ್ತದೆ, ಸರಾಸರಿ ಲೆಕ್ಕದಲ್ಲಿ ಆ ಹಿಡಿತ ಕಾಣಿಸುವುದೇ ಇಲ್ಲ. ಆದ್ದರಿಂದ, ಮೊದಲ ಹೆಜ್ಜೆಯಾಗಿ ಇಡೀ ವಿಂಡೋಸನ್ನೇ ಅಳಿಸಿ ಮತ್ತೆ ಹಾಕಿರಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹೊಸದಾಗಿ ಹಾಕಿದ ಮೇಲೂ ಅದೇ ಡ್ರೈವರ್ ಮರಳಿ ಬಂದು ಕೂರಬಹುದು.

ಮೊದಲು ಗಣಕದಲ್ಲೇ ಉಳಿಸಿಟ್ಟ ಹಾಡೊಂದನ್ನು ನುಡಿಸಿರಿ. ಅದು ಸರಾಗವಾಗಿದ್ದು ಅಂತರ್ಜಾಲದಿಂದ ಬರುವುದು ಮಾತ್ರ ತಡವರಿಸಿದರೆ ಸಂಪರ್ಕವನ್ನೋ ಬ್ರೌಸರನ್ನೋ ಶಂಕಿಸಬೇಕು. ತಂತಿಯ ಇಯರ್‌ಫೋನಿನಲ್ಲಿ ಸರಿಯಿದ್ದು ಬ್ಲೂಟೂತಿನಲ್ಲಿ ಮಾತ್ರ ಕಡಿದರೆ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲೇ ವೈಫೈಯೂ ಇರಬಹುದಾದ್ದರಿಂದ, ವೈಫೈಯನ್ನು 5 ಗಿಗಾಹರ್ಟ್ಸಿಗೆ ಬದಲಿಸಿ ನೋಡಿರಿ, ಯುಎಸ್‌ಬಿ 3.0 ಸಾಧನಗಳೂ ಆ ತರಂಗಪಟ್ಟಿಯಲ್ಲಿ ಅಡಚಣೆ ಉಂಟುಮಾಡಬಹುದು.

ಎಲ್ಲ ಕಡೆಯೂ ಒಂದೇ ತೊಂದರೆಯಾದರೆ ಡ್ರೈವರ್‌ಗಳತ್ತ ಬರಬೇಕು. ವೈಫೈಯನ್ನು ಸ್ವಲ್ಪ ಹೊತ್ತು ಆಫ್ ಮಾಡಿ ಕೇಳಿರಿ; ಆಗ ಸರಿಹೋದರೆ ವೈಫೈ ಡ್ರೈವರನ್ನು ಶಂಕಿಸಬೇಕು. ವಿಂಡೋಸಿನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶವು ಯಾವ ಡ್ರೈವರ್ ಎಷ್ಟು ಹೊತ್ತು ಪ್ರೊಸೆಸರನ್ನು ಹಿಡಿದಿಟ್ಟಿತೆಂದು ಹೆಸರು ಸಹಿತ ತೋರಿಸುತ್ತದೆ. ಆ ಡ್ರೈವರಿನ ಹೊಸ ಆವೃತ್ತಿಯನ್ನು ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಪಡೆಯುವುದು ಕ್ಷೇಮ. ತೊಂದರೆ ಅಪ್‌ಡೇಟಿನ ನಂತರವೇ ಶುರುವಾಗಿದ್ದರೆ ಹಿಂದಿನ ಆವೃತ್ತಿಗೆ ಮರಳಿರಿ. ಚಾರ್ಜರ್ ತೆಗೆದಾಗ ಮಾತ್ರ ಕಾಡಿದರೆ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಬದಲಿಸಬೇಕು; ಗಣಕ ಕಾದ ಮೇಲೆ ಕಾಡಿದರೆ ಫ್ಯಾನಿನ ದೂಳು ತೆಗೆಸಬೇಕು. ಧ್ವನಿ ವರ್ಧನೆಯ (ಆಡಿಯೋ ಎನ್‌ಹಾನ್ಸ್‌ಮೆಂಟ್) ಸೌಲಭ್ಯಗಳನ್ನೂ ಆಫ್ ಮಾಡಿ ನೋಡಬಹುದು.

ದಯವಿಟ್ಟು ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ, ಇಲ್ಲವಾದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ಇಷ್ಟಾದರೂ ಸರಿಹೋಗದಿದ್ದರೆ ಪೆನ್‌ಡ್ರೈವಿನಿಂದ, ವಿಂಡೋಸಿನ ಬದಲಿಗೆ ಬಳಸಬಹುದಾದ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿ ಅದೇ ಹಾಡನ್ನು ಕೇಳಿರಿ. ಅಲ್ಲಿ ಸರಾಗವಾದರೆ ದೋಷ ಬಹುತೇಕ ವಿಂಡೋಸಿನ ಡ್ರೈವರ್ ಅಥವಾ ಆಯ್ಕೆಗಳಲ್ಲಿದೆ. ಅಲ್ಲಿಯೂ ತಡವರಿಸಿದರೆ ಬಯೋಸಿಗೆ (ಗಣಕವನ್ನು ಆರಂಭಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಇದೆಯೇ ಎಂದು ನೋಡಿ, ಅನಂತರವೇ ರಿಪೇರಿಗೆ ಕೊಡಿರಿ, ಕೊಡುವಾಗ ಈ ಪರೀಕ್ಷೆಗಳ ಫಲಿತಾಂಶವನ್ನು ಬರೆದು ಜೊತೆಗಿಡಿರಿ.