ಚುಕ್ಕಿ ಆದಮೇಲೆ ಒಂದೊಂದೇ ಅಂಕಿ: ಲೈಬ್ರರಿಯಲ್ಲಿ ಪುಸ್ತಕ ಹುಡುಕೋಣ ಬನ್ನಿ

ಪುಸ್ತಕದ ಬೆನ್ನ ಮೇಲೆ ಅಂಟಿಸಿದ್ದಾರಲ್ವಾ, ಈ ಚೀಟಿಯಲ್ಲಿರುವುದೇ ಕಾಲ್ ನಂಬರ್, ಅಂದರೆ ಪುಸ್ತಕದ ಜಾಗ ಹೇಳುವ ನಂಬರ್. ಇವತ್ತು ಹುಡುಕುತ್ತಿರುವುದು 598.47, ಪೆಂಗ್ವಿನ್‌ಗಳ ಪುಸ್ತಕ. 500 ವಿಜ್ಞಾನ, 590 ಪ್ರಾಣಿಗಳು, 598 ಹಕ್ಕಿಗಳು. ವಿಷಯಕ್ಕೊಂದು ನಂಬರ್ ಕೊಡುವ ಈ ಪದ್ಧತಿಯನ್ನು 1876ರಲ್ಲಿ ತಂದವರು ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ.

ನಡೆಯುತ್ತಾ ಹೇಳುತ್ತೇನೆ. ಮೇಲಿನ ಸಾಲು ಮುಗಿದರೆ ಕೆಳಗಿನ ಸಾಲು. ಒಂದು ರ್‍ಯಾಕ್ ಪೂರ್ತಿ ಆದಮೇಲೆಯೇ ಪಕ್ಕದ್ದು.

ಇದು 598.4ರ ಜಾಗ. ಪುಸ್ತಕ ಇಲ್ಲ! ಯಾರೂ ತೆಗೆದುಕೊಂಡು ಹೋಗಿಲ್ಲ ಅಂತ ಕಂಪ್ಯೂಟರ್ ಹೇಳಿತ್ತು. ಇನ್ನೂ ಮುಂದೆ ನೋಡೋಣ... ಸಿಕ್ಕಿತು. ಎಲ್ಲಿದೆ ನೋಡಿ. ಈ ಕಡೆ 598.9, ಹದ್ದು, ಗಿಡುಗದಂಥ ಬೇಟೆ ಹಕ್ಕಿಗಳು. ಆ ಕಡೆ 598.97, ಗೂಬೆಗಳು. ಮಧ್ಯದಲ್ಲಿ ಪೆಂಗ್ವಿನ್. ಯಾರೋ ಒಂಬತ್ತು, ನಲವತ್ತೇಳು, ತೊಂಬತ್ತೇಳು ಅಂತ ಎಣಿಸಿ ಇಟ್ಟಿದ್ದಾರೆ. ಚುಕ್ಕಿ ಆದಮೇಲೆ ನಲವತ್ತೇಳು ಅಂತ ಓದಲೇಬಾರದು. ನಾಲ್ಕು, ಆಮೇಲೆ ಏಳು. ಒಂದೊಂದೇ ಅಂಕಿ. ನಾಲ್ಕು ಒಂಬತ್ತಕ್ಕಿಂತ ಮೊದಲು ಬರುತ್ತದೆ, ಅಲ್ಲಿಗೆ ತೀರ್ಮಾನ ಆಯಿತು. ಆಮೇಲೆ ಎಷ್ಟು ಅಂಕಿ ಇದ್ದರೂ ಲೆಕ್ಕಕ್ಕಿಲ್ಲ. ಹಕ್ಕಿ ವೀಕ್ಷಣೆಯ ಪುಸ್ತಕ 598.07234. ಇಷ್ಟುದ್ದ ಇದೆ, ಆದರೂ ಇವೆಲ್ಲಕ್ಕಿಂತ ಮುಂಚೆ ಕೂರುತ್ತದೆ. ಚುಕ್ಕಿ ಆದಕೂಡಲೇ ಸೊನ್ನೆ ಇದೆಯಲ್ಲ, ಅದಕ್ಕೆ.

ಇದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಜಾಗ ತಪ್ಪಿದ ಪುಸ್ತಕ ಲೈಬ್ರರಿಯೊಳಗೇ ಕಳೆದುಹೋದ ಹಾಗೆ. ದಾಖಲೆಯಲ್ಲಿ ಇದೆ, ಕೈಗೆ ಸಿಗುವುದಿಲ್ಲ. ದಯವಿಟ್ಟು ಓದಿದ ಮೇಲೆ ನೀವೇ ರ್‍ಯಾಕಿಗೆ ತುರುಕಬೇಡಿ. ಮೇಜಿನ ಮೇಲೆ ಬಿಟ್ಟುಬಿಡಿ. ಲೈಬ್ರರಿಯವರು ಸರಿಯಾಗಿ ಇಡುತ್ತಾರೆ.

ಹೋಗುತ್ತಾ 800ರ ಸಾಲು ಬಂತು, ಸಾಹಿತ್ಯ. ಇಂಗ್ಲಿಷಿಗೆ 820ರಿಂದ 829ರವರೆಗೆ ಪೂರ್ತಿ ಕೊಟ್ಟಿದ್ದಾರೆ. ನಮ್ಮ ಕನ್ನಡ ಎಲ್ಲಿ? 894.814. ಅಷ್ಟು ಹಿಂದೆ, ಚುಕ್ಕಿಯ ಆಚೆ. ಇದು ಅನ್ಯಾಯ, ನಾನು ಒಪ್ಪುವುದಿಲ್ಲ. ಆದರೆ ಈ ರ್‍ಯಾಕ್ ಮುಂದೆ ನಿಂತರೆ ಮನಸ್ಸು ಸ್ವಲ್ಪ ಬದಲಾಗುತ್ತದೆ. ಕೊನೆಗೆ 1 ಸೇರಿಸಿದರೆ ಕವಿತೆ, 2 ನಾಟಕ, 3 ಕತೆ, ಕಾದಂಬರಿ. ಎಲ್ಲ ಒಂದೇ ಕಡೆ. ಹುಡುಕುವವರಿಗೆ ಇದು ತುಂಬಾ ಚೆನ್ನಾಗಿದೆ.

ವಿಡಿಯೊ ಮುಗಿಯುತ್ತಾ ಬಂತು, ಚೀಟಿಯಲ್ಲಿ ನಂಬರಿನ ಕೆಳಗಿರುವ ಅಕ್ಷರಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಅವು ಸಾಮಾನ್ಯವಾಗಿ ಲೇಖಕರ ಹೆಸರಿನವು. ನಂಬರ್ ಒಂದೇ ಆಗಿದ್ದರೆ ಆ ಅಕ್ಷರದ ಪ್ರಕಾರ ಜೋಡಿಸಿರುತ್ತಾರೆ. ನಂಬರಿನ ಮೇಲೆ 'ಆರ್' ಅಂತ ಇದ್ದರೆ ಅದು ರೆಫರೆನ್ಸ್ ಪುಸ್ತಕ, ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ. ಅಲ್ಲೇ ಕೂತು ಓದಿ.