ಸೈನಿಕರ ಸಮಾಧಿಗಳ ಎದುರು ಮೂರು ಭಾಷಣಗಳು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗೆಟಿಸ್‌ಬರ್ಗ್ ಊರಿನಲ್ಲಿರುವ ಸೈನಿಕರ ರಾಷ್ಟ್ರೀಯ ಸ್ಮಶಾನ. ಇಲ್ಲಿನ ಸಮಾಧಿಗಳು ಅರ್ಧವೃತ್ತಾಕಾರದ ಸಾಲುಗಳಲ್ಲಿ, ಒಂದರ ಹಿಂದೆ ಒಂದರಂತೆ ಹರಡಿಕೊಂಡಿವೆ. ನಕ್ಷೆ ಸಿದ್ಧಪಡಿಸಿದ ವಿಲಿಯಂ ಸಾಂಡರ್ಸ್ ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಬಗೆಯ ಕಲ್ಲನ್ನು ಗೊತ್ತುಮಾಡಿದ್ದರು. ನೆಲಕ್ಕೆ ತಾಗಿದಂತಿರುವ ಈ ಗ್ರಾನೈಟ್ ಪಟ್ಟಿಗಳ ಮೇಲೆ ಸೈನಿಕನ ಹೆಸರು ಮತ್ತು ಅವನ ರೆಜಿಮೆಂಟ್ ಕಾಣುತ್ತವೆ. ಕ್ಯಾಮೆರಾವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ, ಅಂಗೈಗಿಂತ ತುಸು ದೊಡ್ಡದಾದ ಚೌಕಾಕಾರದ ಅಮೃತಶಿಲೆಯ ತುಂಡುಗಳಿವೆ. ಅವುಗಳ ಮೇಲೆ ಹೆಸರಿಲ್ಲ, ಊರಿಲ್ಲ, ಒಂದು ಅಂಕಿ ಮಾತ್ರ ಇದೆ. ಗುರುತೇ ಸಿಗದೆ ಹೀಗೆ ಅಂಕಿಯಾಗಿ ಉಳಿದವರು ಇಲ್ಲಿ 900ಕ್ಕೂ ಹೆಚ್ಚು ಮಂದಿ.

ಗುಲಾಮಗಿರಿಯ ವಿಷಯದಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧದ ವೇಳೆ, 1863ರ ಜುಲೈ 1ರಿಂದ 3ರವರೆಗೆ ಇಲ್ಲಿ ನಡೆದ ಕದನದಲ್ಲಿ ಎರಡೂ ಪಕ್ಷಗಳಿಂದ ಸತ್ತವರು, ಗಾಯಗೊಂಡವರು ಮತ್ತು ಕಾಣೆಯಾದವರು ಸೇರಿ ಸುಮಾರು 50 ಸಾವಿರ ಮಂದಿ. ಊರಿನ ಜನಸಂಖ್ಯೆಯಾದರೋ ಎರಡೂವರೆ ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಹೊಲಗಳಲ್ಲಿ ಅವಸರದಿಂದ ತೋಡಿದ ಗುಂಡಿಗಳಿಗೆ ಆಳವಿರಲಿಲ್ಲ; ಮಳೆ ಬಂದಾಗ ಮಣ್ಣು ಕೊಚ್ಚಿಹೋಗಿ ಶವಗಳು ಹೊರಗೆ ಕಾಣತೊಡಗಿದವು. ಈ ಸ್ಥಿತಿಯನ್ನು ಕಂಡ ಸ್ಥಳೀಯ ವಕೀಲ ಡೇವಿಡ್ ವಿಲ್ಸ್ ರಾಜ್ಯಪಾಲ ಆಂಡ್ರ್ಯೂ ಕರ್ಟಿನ್ ಅವರ ಬೆಂಬಲದಿಂದ 17 ಎಕರೆ ಜಾಗ ಖರೀದಿಸಿ, ಉತ್ತರ ಪಕ್ಷದ ಸೈನಿಕರ ಶವಗಳನ್ನು ಹೊಲಗಳಿಂದ ತೆಗೆಸಿ ಇಲ್ಲಿಗೆ ತರಿಸುವ ವ್ಯವಸ್ಥೆ ಮಾಡಿದರು. ಅಗೆಯುವ, ಪೆಟ್ಟಿಗೆಗಿಳಿಸುವ, ಸಾಗಿಸುವ ಕೆಲಸವನ್ನು ಮಾಡಿದವರು ಬಹುಪಾಲು ಬೇಸಿಲ್ ಬಿಗ್ಸ್ ಎಂಬವರ ಕೈಕೆಳಗಿನ ಕಪ್ಪು ಜನಾಂಗದ ಕೂಲಿಗಳು. ಭಾಷಣಗಳ ಬಗ್ಗೆ ಮಾತನಾಡುವಾಗ ಈ ಕೆಲಸವನ್ನು ಮರೆಯುವುದು ಸುಲಭ. ಆದರೆ ಸ್ಮಶಾನದ ಸಮರ್ಪಣಾ ಸಮಾರಂಭ ನಡೆದ 1863ರ ನವೆಂಬರ್ 19ರ ಹೊತ್ತಿಗೆ ಅರ್ಧದಷ್ಟು ಶವಗಳೂ ಹೊಸ ಜಾಗಕ್ಕೆ ಬಂದಿರಲಿಲ್ಲ. ಎಂದರೆ, ಅಂದಿನ ಮಾತುಗಳನ್ನು ಆಡಿದ್ದು ಇನ್ನೂ ಅಗೆತ ಮುಗಿಯದ ನೆಲದ ಪಕ್ಕದಲ್ಲಿ.

ಅಂದಿನ ಮುಖ್ಯ ಭಾಷಣಕಾರರು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅಲ್ಲ, ಎಡ್ವರ್ಡ್ ಎವರೆಟ್. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ, ಮ್ಯಾಸಚೂಸೆಟ್ಸ್‌ನ ರಾಜ್ಯಪಾಲರಾಗಿ, ಸೆನೆಟರ್ ಆಗಿ, ವಿದೇಶಾಂಗ ಕಾರ್ಯದರ್ಶಿಯಾಗಿ ಕೆಲಸ ಮಾಡಿದ್ದ ಅವರು ಆ ಕಾಲದ ಅತಿ ಹೆಸರಾಂತ ವಾಗ್ಮಿ. ಮೊದಲು ಸಮಾರಂಭವನ್ನು ಅಕ್ಟೋಬರ್ 23ಕ್ಕೆ ಇಟ್ಟುಕೊಂಡಿದ್ದರು. ಸಿದ್ಧತೆಗೆ ಅಷ್ಟು ಸಮಯ ಸಾಲದೆಂದು ಎವರೆಟ್ ತಿಳಿಸಿದ್ದರಿಂದಲೇ ಅದು ನವೆಂಬರಿಗೆ ಹೋಯಿತು. ಅವರ ಎರಡು ಗಂಟೆಗಳ ಭಾಷಣವನ್ನು ಇಂದು ತಮಾಷೆಗೆ ಮಾತ್ರ ನೆನೆಯುತ್ತಾರೆ. ಅದು ಅನ್ಯಾಯವೆಂದು ನನಗೆ ತೋರುತ್ತದೆ. ಎವರೆಟ್ ರಣರಂಗವನ್ನು ಸ್ವತಃ ನೋಡಿ, ವರದಿಗಳನ್ನು ಓದಿ, ಮೂರು ದಿನಗಳ ಕದನವನ್ನು ಕ್ರಮವಾಗಿ ಕಟ್ಟಿಕೊಟ್ಟರು. ಮಗನೋ ಗಂಡನೋ ಹೇಗೆ ಸತ್ತನೆಂದು ತಿಳಿಯದೆ ಬಂದು ನಿಂತಿದ್ದವರಿಗೆ ಆ ವಿವರ ಬೇಕಾಗಿತ್ತು. ಯುದ್ಧದಲ್ಲಿ ಮಡಿದವರನ್ನು ಸಾರ್ವಜನಿಕವಾಗಿ ಗೌರವಿಸುತ್ತಿದ್ದ ಪ್ರಾಚೀನ ಅಥೆನ್ಸಿನ ಪದ್ಧತಿಯನ್ನು ನೆನೆದು ಆರಂಭಿಸಿದ್ದೂ ಅಂದಿನ ಶ್ರೋತೃಗಳಿಗೆ ದೂರದ ಮಾತೇನಲ್ಲ.

ಅಧ್ಯಕ್ಷ ಲಿಂಕನ್ ಅವರಿಗೆ ವಿಲ್ಸ್ ಬರೆದ ಆಹ್ವಾನಪತ್ರದ ದಿನಾಂಕ ನವೆಂಬರ್ 2. ಎವರೆಟ್ ಭಾಷಣ ಮುಗಿದ ಮೇಲೆ, ಕೆಲವು ಸೂಕ್ತ ಮಾತುಗಳಿಂದ ಈ ನೆಲವನ್ನು ವಿಧಿವತ್ತಾಗಿ ಸಮರ್ಪಿಸಬೇಕು ಎಂಬುದಷ್ಟೇ ಕೋರಿಕೆ. ಲಿಂಕನ್ ಹಿಂದಿನ ದಿನ ರೈಲಿನಲ್ಲಿ ಬಂದು ವಿಲ್ಸ್ ಅವರ ಮನೆಯಲ್ಲೇ ಉಳಿದುಕೊಂಡರು. ರೈಲಿನಲ್ಲಿ ಕುಳಿತು ಲಕೋಟೆಯ ಬೆನ್ನ ಮೇಲೆ ಗೀಚಿದ ಭಾಷಣ ಇದೆಂಬ ಕಥೆ ಶಾಲಾ ಪುಸ್ತಕಗಳವರೆಗೂ ಹಬ್ಬಿದೆ, ಆದರೆ ಅದು ನಿಜವಲ್ಲ. ವಾಷಿಂಗ್ಟನ್ನಿನಲ್ಲೇ ಬರವಣಿಗೆ ಆರಂಭವಾಗಿತ್ತು.

ಸುಮಾರು 270 ಪದಗಳ, ಎರಡು ಮೂರು ನಿಮಿಷಗಳ ಆ ಭಾಷಣದಲ್ಲಿ ಗೆಟಿಸ್‌ಬರ್ಗ್ ಎಂಬ ಹೆಸರು ಬರುವುದಿಲ್ಲ, ಯಾವ ಸೇನಾಪತಿಯ ಹೆಸರೂ ಇಲ್ಲ, ಶತ್ರುವಿನ ನಿಂದೆ ಇಲ್ಲ. ಗುಲಾಮಗಿರಿಯ ಪ್ರಸ್ತಾಪ ಕೂಡ ನೇರವಾಗಿ ಇಲ್ಲ. ಆದರೂ ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರು ಎಂಬ 1776ರ ಸ್ವಾತಂತ್ರ್ಯ ಘೋಷಣೆಯ ಮಾತನ್ನು ಮೊದಲ ವಾಕ್ಯದಲ್ಲೇ ಇಟ್ಟದ್ದರಿಂದ ಯುದ್ಧ ಯಾತಕ್ಕೆಂಬುದು ಎಲ್ಲರಿಗೂ ಅರ್ಥವಾಗುವಂತಿತ್ತು. ನನ್ನ ಮಟ್ಟಿಗೆ ಭಾಷಣದ ತಿರುಳು ಅದರ ನಡುವಿನಲ್ಲಿದೆ. ನೆಲವನ್ನು ಸಮರ್ಪಿಸಿಕೊಡಿ ಎಂದು ಕರೆಸಿದ ಮನುಷ್ಯ ಎದ್ದು ನಿಂತು, ಈ ನೆಲವನ್ನು ನಾವು ಸಮರ್ಪಿಸಲಾರೆವು, ಪವಿತ್ರಗೊಳಿಸಲಾರೆವು, ಇಲ್ಲಿ ಹೋರಾಡಿದ ವೀರರು, ಬದುಕಿರುವವರೂ ಸತ್ತವರೂ, ನಮ್ಮ ಶಕ್ತಿಗೆ ಮೀರಿ ಆಗಲೇ ಆ ಕೆಲಸ ಮಾಡಿಬಿಟ್ಟಿದ್ದಾರೆ ಎನ್ನುತ್ತಾರೆ. ಒಪ್ಪಿಸಿದ ಕೆಲಸವನ್ನೇ ಹೀಗೆ ವಿನಯದಿಂದ ಹಿಂದಿರುಗಿಸಿ, ಅರ್ಪಿಸಿಕೊಳ್ಳಬೇಕಾದವರು ಬದುಕುಳಿದ ನಾವು ಎಂದು ಮಾತನ್ನು ಸಭಿಕರತ್ತ ತಿರುಗಿಸುತ್ತಾರೆ. ದಕ್ಷಿಣ ಪಕ್ಷದ ಸೈನಿಕರಿಗೆ ಈ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಅವರ ಶವಗಳು 1870ರ ದಶಕದವರೆಗೆ ಹೊಲಗಳಲ್ಲೇ ಉಳಿದವು. ಆದರೆ ಲಿಂಕನ್ ಅವರ ವಾಕ್ಯ ಪಕ್ಷವನ್ನು ಹೆಸರಿಸದೆ, ಇಲ್ಲಿ ಹೋರಾಡಿದವರು ಎಂದಷ್ಟೇ ಹೇಳುತ್ತದೆ.

ಮರುದಿನ ಎವರೆಟ್ ಲಿಂಕನ್ ಅವರಿಗೆ ಪತ್ರ ಬರೆದು, ನೀವು ಎರಡು ನಿಮಿಷಗಳಲ್ಲಿ ಮುಟ್ಟಿದ ವಿಷಯದ ಕೇಂದ್ರಕ್ಕೆ ನಾನು ಎರಡು ಗಂಟೆಗಳಲ್ಲಿ ಅಷ್ಟೇ ಸಮೀಪ ಬಂದಿದ್ದೇನೆಂದು ಭಾವಿಸಬಹುದಾದರೆ ಸಂತೋಷಪಡುತ್ತೇನೆ ಎಂದರು. ನಿನ್ನೆ ನೀವು ಚಿಕ್ಕ ಭಾಷಣ ಮಾಡಿದ್ದರೆ ಕ್ಷಮೆ ಇರುತ್ತಿರಲಿಲ್ಲ, ನಾನು ದೊಡ್ಡದು ಮಾಡಿದ್ದರೂ ಇರುತ್ತಿರಲಿಲ್ಲ ಎಂಬುದು ಲಿಂಕನ್ ಅವರ ಉತ್ತರ. ಹ್ಯಾರಿಸ್‌ಬರ್ಗಿನ ಪತ್ರಿಕೆಯೊಂದು ಅಧ್ಯಕ್ಷರ ಮಾತನ್ನು ಪೆದ್ದು ಮಾತೆಂದು ತಳ್ಳಿಹಾಕಿತ್ತು. ಅದರ ಉತ್ತರಾಧಿಕಾರಿ ಪತ್ರಿಕೆ 150 ವರ್ಷಗಳ ನಂತರ, 2013ರಲ್ಲಿ, ಆ ಅಭಿಪ್ರಾಯವನ್ನು ಹಿಂತೆಗೆದುಕೊಂಡಿತು.

ಇದೇ ನಡೆಯ ಇನ್ನೊಂದು ಭಾಷಣ ಪೆಸಿಫಿಕ್ ಸಾಗರದ ಇವೊ ಜಿಮಾ ದ್ವೀಪದ್ದು. ಎರಡನೆಯ ಮಹಾಯುದ್ಧದಲ್ಲಿ, 1945ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ, ಜಪಾನಿಯರ ವಿರುದ್ಧದ ಕದನದಲ್ಲಿ ಅಲ್ಲಿ 6,800ರಷ್ಟು ಅಮೆರಿಕನ್ನರು ಸತ್ತರು. ಐದನೆಯ ಮರೀನ್ ಡಿವಿಷನ್ನಿನ ಸ್ಮಶಾನವನ್ನು ಸಮರ್ಪಿಸುವಾಗ, ಎಲ್ಲ ಧರ್ಮದವರಿಗೂ ಸೇರಿದ ಒಂದೇ ಪ್ರಾರ್ಥನೆಯಲ್ಲಿ ಯಹೂದಿ ಧರ್ಮಗುರು ರೋಲಂಡ್ ಗಿಟಲ್‌ಸನ್ ಮಾತನಾಡಬೇಕೆಂದು ಮುಖ್ಯ ಚಾಪ್ಲಿನ್ (ಸೇನೆಯ ಧರ್ಮಗುರು) ವಾರನ್ ಕತ್‌ರಿಯಲ್ ಬಯಸಿದ್ದರು. ಕ್ರೈಸ್ತ ಚಾಪ್ಲಿನ್‌ಗಳಲ್ಲಿ ಹಲವರು ಒಪ್ಪಲಿಲ್ಲ. ಮೇಲಧಿಕಾರಿಗೆ ಇಕ್ಕಟ್ಟಾಗಬಾರದೆಂದು ಗಿಟಲ್‌ಸನ್ ಹಿಂದೆ ಸರಿದು, ಬರೆದಿಟ್ಟಿದ್ದ ಮಾತುಗಳನ್ನು ಯಹೂದಿ ಸೈನಿಕರ ಸಣ್ಣ ಪ್ರಾರ್ಥನೆಯಲ್ಲಿ ಓದಿದರು. ಇಲ್ಲಿ ಅಧಿಕಾರಿಗಳೂ ಸಿಪಾಯಿಗಳೂ, ಕಪ್ಪು ಜನರೂ ಬಿಳಿಯರೂ, ಶ್ರೀಮಂತರೂ ಬಡವರೂ ಒಟ್ಟಿಗೆ ಮಲಗಿದ್ದಾರೆ; ಇಲ್ಲಿ ಧರ್ಮ ನೋಡಿ ಒಬ್ಬನನ್ನು ಮೇಲೆಂದಾಗಲಿ ಬಣ್ಣ ನೋಡಿ ಕೀಳೆಂದಾಗಲಿ ಕಾಣುವವರಿಲ್ಲ ಎಂದು ಅವರು ಹೇಳಿದರು. ಆಗ ಅಮೆರಿಕದ ಸೇನೆಯಲ್ಲಿ ಕಪ್ಪು ಸೈನಿಕರಿಗೆ ಪ್ರತ್ಯೇಕ ತುಕಡಿಗಳೇ ಇದ್ದವು; ಆ ಭೇದವನ್ನು ತೆಗೆದುಹಾಕುವ ಆದೇಶ ಬಂದದ್ದು 1948ರಲ್ಲಿ. ಗಿಟಲ್‌ಸನ್ ಅವರ ಪರವಾಗಿ ಪ್ರತಿಭಟಿಸಿ ಆ ಪ್ರಾರ್ಥನೆಗೆ ಬಂದಿದ್ದ ಪ್ರಾಟೆಸ್ಟಂಟ್ ಚಾಪ್ಲಿನ್‌ಗಳಲ್ಲೊಬ್ಬರು ಹಸ್ತಪ್ರತಿಯನ್ನು ಎರವಲು ಪಡೆದು ಪ್ರತಿ ಮಾಡಿಸಿ ಹಂಚಿದ್ದರಿಂದ ಅದು ದ್ವೀಪ ದಾಟಿ ಅಮೆರಿಕ ತಲುಪಿತು. ಅಡ್ಡಗಟ್ಟಿರದಿದ್ದರೆ ಅಷ್ಟು ಜನ ಓದುತ್ತಿದ್ದರೋ ಇಲ್ಲವೋ!

ಮೂರನೆಯದಕ್ಕೆ ಲಿಖಿತ ಪ್ರತಿಯೇ ಇಲ್ಲ. 1945ರ ಮೇ 30ರಂದು ಇಟಲಿಯ ನೆಟ್ಟೂನೊದಲ್ಲಿ, ಆನ್ಜಿಯೊ ಕದನದಲ್ಲಿ ಸತ್ತವರ ಸ್ಮಶಾನದಲ್ಲಿ, ಜನರಲ್ ಲೂಸಿಯನ್ ಟ್ರಸ್ಕಾಟ್ ವೇದಿಕೆ ಏರಿದರು. ಆ ಕದನದಲ್ಲಿ ಈ ಸೈನಿಕರನ್ನು ಮುನ್ನಡೆಸಿದವರು ಅವರೇ. ಗಣ್ಯರು ಮುಂದೆ ಕುಳಿತಿದ್ದರು. ಟ್ರಸ್ಕಾಟ್ ಆ ಗಣ್ಯರಿಗೆ ಬೆನ್ನು ಹಾಕಿ, ಸಮಾಧಿಗಳತ್ತ ತಿರುಗಿ ಮಾತನಾಡಿದರೆಂದು ಅಲ್ಲಿದ್ದ ವ್ಯಂಗ್ಯಚಿತ್ರಕಾರ ಬಿಲ್ ಮಾಲ್ಡಿನ್ ನಂತರ ಬರೆದಿದ್ದಾರೆ. ನೀವು ಇಲ್ಲಿ ಮಲಗಿರುವುದಕ್ಕೆ ನನ್ನ ತಪ್ಪುಗಳು ಎಲ್ಲಿಯಾದರೂ ಕಾರಣವಾಗಿದ್ದರೆ ಕ್ಷಮಿಸಿ, ಅದು ಕೇಳಬಾರದಷ್ಟು ದೊಡ್ಡ ಕೋರಿಕೆಯೆಂದೂ ನನಗೆ ಗೊತ್ತು ಎಂಬ ಅರ್ಥದ ಮಾತುಗಳವು. ಹದಿಹರೆಯ ದಾಟುವ ಹೊತ್ತಿಗೆ ಸಾಯುವುದರಲ್ಲಿ ತನಗೆ ದೊಡ್ಡ ವೈಭವವೇನೂ ಕಾಣುವುದಿಲ್ಲವೆಂದರು. ಮುಂದೆ ಯಾರಾದರೂ, ಅದರಲ್ಲೂ ವಯಸ್ಸಾದವರು, ಯುದ್ಧದ ಸಾವನ್ನು ಹೊಗಳುವುದು ಕಿವಿಗೆ ಬಿದ್ದರೆ ಅವರನ್ನು ತಿದ್ದುತ್ತೇನೆ, ನಿಮಗಾಗಿ ನಾನು ಮಾಡಬಹುದಾದ ಕನಿಷ್ಠ ಕೆಲಸ ಅದು ಎಂದು ಆ ಸಮಾಧಿಗಳಿಗೇ ಮಾತು ಕೊಟ್ಟರು.