ಒಂದೇ ಸ್ಕ್ಯಾನ್, ಇಬ್ಬರು ಡಾಕ್ಟರು

ಎಲ್ಲರಿಗೂ ನಮಸ್ಕಾರ.

ಹೊಟ್ಟೆಯ ಬಲಗಡೆ, ಕೆಳಗೆ ನೋವು. ಸಿಟಿ ಸ್ಕ್ಯಾನ್ ಆಯಿತು. ಸ್ಕ್ಯಾನ್ ಓದುವ ಡಾಕ್ಟರು, ಅಂದರೆ ಒಬ್ಬ ರೇಡಿಯಾಲಜಿಸ್ಟ್, ‘ಅಪೆಂಡಿಸೈಟಿಸ್’ (ಅಪೆಂಡಿಕ್ಸ್‌ನ ಬಾವು) ಅನ್ನುತ್ತಾರೆ, ಇನ್ನೊಬ್ಬರು ‘ನನಗೆ ಹಾಗೆ ಕಾಣ್ತಿಲ್ಲ’ ಅನ್ನುತ್ತಾರೆ. ಚಿತ್ರ ಒಂದೇ ತಾನೇ, ಮತ್ಯಾಕೆ ಈ ತಕರಾರು?

ಗಾಬರಿ ಬೇಡ, ತುಂಬಾ ಸ್ಕ್ಯಾನ್‌ಗಳಲ್ಲಿ ತಕರಾರೇ ಇರುವುದಿಲ್ಲ. ಅಪೆಂಡಿಕ್ಸ್ 12 ಮಿ.ಮೀ. ದಪ್ಪಕ್ಕೆ ಊದಿದೆ, ಸುತ್ತಲಿನ ಕೊಬ್ಬು ಕದಡಿದೆ, ಒಳಗೊಂದು ಕಲ್ಲೂ ಇದೆ ಅಂದರೆ ಹೊಸದಾಗಿ ಸೇರಿದ ಪಿಜಿ ವಿದ್ಯಾರ್ಥಿಯೂ ಹೇಳಿಬಿಡುತ್ತಾನೆ. ಕಷ್ಟ ಇರುವುದು ಆ ಕಡೆಯೂ ಅಲ್ಲದ, ಈ ಕಡೆಯೂ ಅಲ್ಲದ ಕೇಸುಗಳಲ್ಲಿ.

ನಾವು ರೇಡಿಯಾಲಜಿಸ್ಟರು ನೋಡುವುದು ಹೇಗೆ ಅಂದರೆ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ಹುಡುಕುತ್ತೇವೆ. ಅದರ ಹತ್ತಿರದಿಂದಲೇ ಒಂದು ತೆಳು ನಾಳ ಹೊರಡುತ್ತದೆ, ಅದೇ ಅಪೆಂಡಿಕ್ಸ್. ಪದರ ಪದರವಾಗಿ ಅದರ ಹಿಂದೆ ಹೋಗಬೇಕು, ತುದಿ ಮುಚ್ಚಿಕೊಂಡಿರಬೇಕು. ತೀರಾ ಸಣಕಲು ದೇಹದವರಲ್ಲಿ ಕರುಳುಗಳ ನಡುವೆ ಕೊಬ್ಬೇ ಇರುವುದಿಲ್ಲ, ಎಲ್ಲಾ ಅಂಟಿಕೊಂಡಂತೆ ಕಾಣುತ್ತವೆ. ಸ್ವಲ್ಪ ಹೊಟ್ಟೆ ಇದ್ದವರ ಸ್ಕ್ಯಾನ್ ಓದುವುದೇ ಸುಲಭ. ಇದನ್ನು ಮನೆಯಲ್ಲಿ ಹೇಳಬೇಡಿ!

ಸಿಕ್ಕ ಮೇಲೆ ಅದರ ದಪ್ಪದ ಅಳತೆ. 6 ಮಿ.ಮೀ. ದಾಟಿದರೆ ಅನುಮಾನ ಪಡಬೇಕು ಅನ್ನುವುದು ಹಳೆಯ ಲೆಕ್ಕ. ಅದು ಬಂದದ್ದು ಹೊಟ್ಟೆಯನ್ನು ಒತ್ತಿ ನೋಡುವ ಅಲ್ಟ್ರಾಸೌಂಡಿನಿಂದ. ಸಿಟಿಯಲ್ಲಿ ಒತ್ತುವವರು ಯಾರು? ಒಳಗೆ ಗಾಳಿಯೋ ಮಲವೋ ತುಂಬಿದ್ದರೆ ಏನೂ ತೊಂದರೆ ಇಲ್ಲದವರ ಅಪೆಂಡಿಕ್ಸ್ ಕೂಡ 7, 8 ಮಿ.ಮೀ. ಇರಬಹುದು. ಇನ್ನು ಮೌಸ್ ಅರ್ಧ ಮಿಲಿಮೀಟರ್ ಆಚೀಚೆ ಆದರೂ ಸಾಕು, 5.8 ಇದ್ದದ್ದು 6.3 ಆಗುತ್ತದೆ.

ಇಂಥ ತಕರಾರು ಎಷ್ಟು ಅಂತ ಅಳೆಯುವುದು ಹೇಗೆ? ಇಬ್ಬರು ರೇಡಿಯಾಲಜಿಸ್ಟರು ‘ನಮ್ಮಿಬ್ಬರ ರಿಪೋರ್ಟು ಶೇ. 90ರಷ್ಟು ಹೊಂದುತ್ತೆ’ ಅಂದರೆ ಭೇಷ್ ಅನ್ನಿಸುತ್ತೆ, ಅಲ್ವಾ? ಒಂದು ಲೆಕ್ಕ ಹಾಕೋಣ. 100 ಸ್ಕ್ಯಾನ್. ಇಬ್ಬರೂ ತಲಾ 10ರಲ್ಲಿ ‘ಕಾಯಿಲೆ ಇದೆ’ ಅಂದೆವು. ಅದರಲ್ಲಿ ಇಬ್ಬರಿಗೂ ಹೊಂದಿದ್ದು 5 ಮಾತ್ರ. 85ರಲ್ಲಿ ಇಬ್ಬರೂ ‘ಇಲ್ಲ’ ಅಂದೆವು. ಒಟ್ಟು 90 ಹೊಂದಿತು. ಆದರೆ ಚಿತ್ರವನ್ನೇ ನೋಡದೆ, ತಲಾ 10ಕ್ಕೆ ಸುಮ್ನೆ ಗುರುತು ಹಾಕಿದ್ದರೂ ಸರಾಸರಿ 82 ಹೊಂದುತ್ತಿತ್ತು! ಈ ಅದೃಷ್ಟದ ಪಾಲನ್ನು ಕಳೆದು ಲೆಕ್ಕ ಹಾಕುವ ಅಳತೆಯೇ ಕಪ್ಪಾ. ಮನಶ್ಶಾಸ್ತ್ರಜ್ಞ ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟದ್ದು. 1 ಬಂದರೆ ಪೂರ್ತಿ ಒಮ್ಮತ, 0 ಬಂದರೆ ಬರೀ ಅದೃಷ್ಟ. ನಮ್ಮದು ಬರುವುದು 0.44.

ಕಪ್ಪಾ ಜಾಸ್ತಿ ಬಂದ ಮಾತ್ರಕ್ಕೆ ರೋಗ ಸರಿಯಾಗಿ ಹಿಡಿದೆವು ಅಂತಲೂ ಅಲ್ಲ. ಇಬ್ಬರೂ ಒಟ್ಟಿಗೇ ತಪ್ಪಬಹುದು. ಅದು ಗೊತ್ತಾಗುವುದು ಆಪರೇಷನ್‌ನಲ್ಲಿ ತೆಗೆದ ಅಪೆಂಡಿಕ್ಸ್ ಪೆಥಾಲಜಿ ಲ್ಯಾಬಿಗೆ ಪರೀಕ್ಷೆಗೆ ಹೋದ ಮೇಲೆ, ಇಲ್ಲವೇ ರೋಗಿಯನ್ನು ಕೆಲವು ದಿನ ಗಮನಿಸಿದ ಮೇಲೆ.

ಹಾಗಾಗಿ ನನ್ನ ಪ್ರಕಾರ ರಿಪೋರ್ಟಿನಲ್ಲಿ ‘ಇದೆ’, ‘ಇಲ್ಲ’ ಎಂದಷ್ಟೇ ಬರೆದರೆ ಸಾಲದು. ಅಳತೆ ಎಷ್ಟು, ಕೊಬ್ಬು ಹೇಗಿದೆ, ಕಲ್ಲು ಇದೆಯಾ, ತುದಿಯವರೆಗೂ ಕಂಡಿತಾ ಅಂತ ಬರೆಯಬೇಕು. ಬಾವು ತುದಿಯಲ್ಲಿ ಮಾತ್ರ ಇರುವ ಕೇಸುಗಳೂ ಉಂಟು. ಆಗ ನಾವಿಬ್ಬರು ಎಲ್ಲಿ ಬೇರೆಯಾದೆವು ಅಂತ ಸರ್ಜನ್‌ಗೆ ಗೊತ್ತಾಗುತ್ತದೆ. ಇನ್ನೊಮ್ಮೆ ಹೊಟ್ಟೆ ಮುಟ್ಟಿ ನೋಡಿ, ಕತ್ತರಿಸಬೇಕಾ, ಕೆಲವು ಗಂಟೆ ಕಾಯಬೇಕಾ ಅಂತ ಅವರೇ ನಿರ್ಧರಿಸುತ್ತಾರೆ.